‘ರಫ್ ಕಟ್’ ಎಂದು ನಾವು ಬರೆದರೆ ಗ್ರಾಹಕರು ಏನೆಂದು ಓದಿಕೊಳ್ಳುತ್ತಾರೆ? ಪ್ರಚಾರ ವಿಡಿಯೋ ಕೆಲಸದಲ್ಲಿ ಮೊದಲೇ ಬಿಡಿಸಿ ಹೇಳಬೇಕಾದ ಪದಗಳು

ಕತ್ತರಿಕೈ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ನಾನು ಪ್ರಚಾರ ವಿಡಿಯೋಗಳ ಸಂಕಲನ ಮಾಡುವವನು. ಕಳೆದ ವಾರ ನಡೆದ ಒಂದು ಪ್ರಸಂಗ ಇನ್ನೂ ತಲೆಯಲ್ಲಿ ಕೊರೆಯುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ. ಎರಡು ನಿಮಿಷದ ಒಂದು ಉತ್ಪನ್ನದ ಪರಿಚಯ ವಿಡಿಯೋ. ಚಿತ್ರೀಕರಣ ಮುಗಿದ ನಾಲ್ಕನೆಯ ದಿನ ‘ರಫ್ ಕಟ್ ಕಳುಹಿಸಿದ್ದೇನೆ, ದಯವಿಟ್ಟು ನೋಡಿ ತಿಳಿಸಿ’ ಎಂದು ಒಂದೇ ಸಾಲು ಬರೆದು ಲಿಂಕ್ ಕಳುಹಿಸಿದೆ. ಗ್ರಾಹಕರ ಕಡೆಯವರು ಅದನ್ನು ನೇರವಾಗಿ ತಮ್ಮ ಮೇಲಧಿಕಾರಿಗಳ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಹಾಕಿದರು.

ಸಂಜೆಯ ಹೊತ್ತಿಗೆ 17 ಟಿಪ್ಪಣಿಗಳು ಬಂದವು. ಬಣ್ಣ ಬೂದಿ ಬಡಿದಂತಿದೆ, ಮಾತನಾಡುವ ಧ್ವನಿ ಹವ್ಯಾಸಿಯದಂತಿದೆ (ಅದು ನನ್ನದೇ ಧ್ವನಿ, ಅಳತೆಗಾಗಿ ಹಾಕಿದ್ದೆ), ಸಂಗೀತದ ನಡುವೆ ಯಾರೋ ಹೆಂಗಸು ಯಾವುದೋ ಕಂಪನಿಯ ಹೆಸರು ಹೇಳುತ್ತಾಳೆ (ಅದು ಸಂಗೀತದ ವಾಟರ್‌ಮಾರ್ಕ್, ಅಂದರೆ ಪರವಾನಗಿ ಕೊಳ್ಳುವ ಮೊದಲು ಸಿಗುವ ಮಾದರಿ ಪ್ರತಿಯಲ್ಲಿ ಸೇರಿಸಿರುವ ಗುರುತಿನ ಧ್ವನಿ) ಎಂಬಂಥವೇ ಹೆಚ್ಚು. ಕಥೆಯ ಕ್ರಮ ಸರಿಯಿದೆಯೇ, ಯಾವ ಮಾತು ಹೆಚ್ಚಾಯಿತು, ಯಾವುದು ಬಿಟ್ಟುಹೋಯಿತು ಎಂಬ ಬಗ್ಗೆ ಬಂದದ್ದು ಮೂರೇ ಮೂರು. ನನಗೆ ಬೇಕಾಗಿದ್ದದ್ದು ಆ ಮೂರು ಮಾತ್ರ.

ತಪ್ಪು ಅವರದೆಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ‘ರಫ್’ ಎಂದರೆ ಅಲ್ಲಲ್ಲಿ ಸ್ವಲ್ಪ ಒರಟಾಗಿರುವ, ಬಹುಮಟ್ಟಿಗೆ ಸಿದ್ಧವಾಗಿರುವ ವಿಡಿಯೋ ಎಂದು ಅವರು ತಿಳಿದಿದ್ದರು. ಶಾಟುಗಳನ್ನು ಕ್ರಮವಾಗಿ ಕೂಡಿಸಿದ ಮೊದಲ ಜೋಡಣೆ, ಅಂದರೆ ಗೋಡೆ ಎದ್ದಿದೆ, ಗಾರೆ ಆಗಿಲ್ಲ ಎಂಬ ಅರ್ಥದಲ್ಲಿ ನಾನು ಬರೆದಿದ್ದೆ. ಇಂತಹ ಇನ್ನೂ ಯಾವ ಪದಗಳು ನಿಮ್ಮನ್ನು ಕಾಡಿವೆ ಮತ್ತು ಅವನ್ನು ನೀವು ಹೇಗೆ ಬಿಡಿಸಿ ಹೇಳುತ್ತೀರಿ ಎಂದು ತಿಳಿಯುವ ಆಸೆ.

ನೆರಳುಬೆಳಕು:

ಬೂದಿ ಬಣ್ಣದ ದೂರಿಗೆ ನಿಮಗಿಂತ ಹೆಚ್ಚು ಹೊಣೆ ನಮ್ಮದು, ಅಂದರೆ ಕ್ಯಾಮೆರಾ ಹಿಡಿಯುವವರದು. ನಾವು ‘ಲಾಗ್’ ಎಂಬ ಕ್ರಮದಲ್ಲಿ ಚಿತ್ರೀಕರಿಸುತ್ತೇವೆ. ತೀರಾ ಬೆಳಕಿನ ಜಾಗದ ವಿವರವೂ ತೀರಾ ಕತ್ತಲಿನ ಜಾಗದ ವಿವರವೂ ಉಳಿಯಲಿ ಎಂದು ಕ್ಯಾಮೆರಾ ಅಲ್ಲಿ ಇಡೀ ಚಿತ್ರವನ್ನು ಸಪ್ಪೆಯಾಗಿಸಿ ದಾಖಲಿಸುತ್ತದೆ. ಬಣ್ಣ ಹದಗೊಳಿಸುವವರಿಗೆ ಅದು ವರದಾನ, ಸಭೆಯಲ್ಲಿ ಕುಳಿತ ಅಧಿಕಾರಿಗೆ ಅದು ಮಂಜು ಕವಿದ ಚಿತ್ರ. ರಫ್ ಕಟ್ ಕಳುಹಿಸುವ ಮುನ್ನ ಕ್ಯಾಮೆರಾಕ್ಕೆ ಹೊಂದುವ ಒಂದು ‘ಲಟ್’ ಅನ್ನು, ಅಂದರೆ ಸಪ್ಪೆ ಬಣ್ಣಗಳನ್ನು ಸಹಜ ಬಣ್ಣಗಳಿಗೆ ತಿರುಗಿಸುವ ಸಿದ್ಧ ಕಡತವನ್ನು, ಇಡೀ ಟೈಮ್‌ಲೈನಿನ ಮೇಲೆ ಹಾಕಿ ಕಳುಹಿಸಿ. ಎರಡು ನಿಮಿಷದ ಕೆಲಸ, ಅರ್ಧ ಟಿಪ್ಪಣಿಗಳು ಹುಟ್ಟುವುದೇ ಇಲ್ಲ.

ಅಂದ ಹಾಗೆ, ‘ಕಲರ್ ಕರೆಕ್ಷನ್’ ಮತ್ತು ‘ಕಲರ್ ಗ್ರೇಡಿಂಗ್’ ಒಂದೇ ಎಂದು ಹಲವರು ತಿಳಿದಿದ್ದಾರೆ. ಒಂದು ಶಾಟ್ ಹಳದಿಗೆ, ಇನ್ನೊಂದು ನೀಲಿಗೆ ತಿರುಗಿದ್ದರೆ ಎರಡನ್ನೂ ಸಹಜ ಸ್ಥಿತಿಗೆ ತಂದು ಒಂದಕ್ಕೊಂದು ಹೊಂದಿಸುವುದು ಕರೆಕ್ಷನ್. ಆಮೇಲೆ ಇಡೀ ವಿಡಿಯೋಗೆ ಬೇಕಾದ ಭಾವದ ಬಣ್ಣ ಕೊಡುವುದು ಗ್ರೇಡಿಂಗ್. ‘ಕರೆಕ್ಷನ್ ಸೇರಿದೆ’ ಎಂದು ಅಂದಾಜುಪಟ್ಟಿಯಲ್ಲಿ ಬರೆದದ್ದನ್ನು ಓದಿದ ಗ್ರಾಹಕರೊಬ್ಬರು ‘ಎಷ್ಟು ಸಲ ಕರೆಕ್ಷನ್ ಹೇಳಿದರೂ ಮಾಡಿಕೊಡುತ್ತಾರೆ’ ಎಂದು ತಿಳಿದಿದ್ದರು. ಅಂದಿನಿಂದ ಆ ಪದದ ಹಿಂದೆ ‘ಬಣ್ಣದ’ ಎಂದು ಸೇರಿಸದೆ ನಾನು ಬರೆಯುವುದಿಲ್ಲ.

ಗ್ರಾಹಕರ ಕಡೆಯವಳು:

ಈ ವೇದಿಕೆಯಲ್ಲಿ ಬಹುಶಃ ನಾನೊಬ್ಬಳೇ ಮೇಜಿನ ಆ ಬದಿಯವಳು. ಒಂದು ಸಂಸ್ಥೆಯ ಮಾರುಕಟ್ಟೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ವರ್ಷಕ್ಕೆ ಹತ್ತಾರು ವಿಡಿಯೋ ಮಾಡಿಸುತ್ತೇನೆ. ಕತ್ತರಿಕೈ ಅವರೇ, ಬೇಸರಿಸಬೇಡಿ, ‘ದಯವಿಟ್ಟು ನೋಡಿ ತಿಳಿಸಿ’ ಎಂದರೆ ಏನನ್ನು ತಿಳಿಸಬೇಕು? ಬಣ್ಣ ಕಣ್ಣಿಗೆ ಬಿತ್ತು, ಬಣ್ಣದ ಬಗ್ಗೆ ಹೇಳಿದರು. ಮೇಲಧಿಕಾರಿಗಳಿಗೆ ತೋರಿಸದೆ ನಾವು ಹೂಂ ಎನ್ನುವ ಹಾಗೂ ಇಲ್ಲ. ನೀವು ‘ಈ ಸಲ ಕ್ರಮ ಮತ್ತು ಮಾತು ಮಾತ್ರ ನೋಡಿ, ಬಣ್ಣ, ಧ್ವನಿ, ಸಂಗೀತ ಮೂರೂ ತಾತ್ಕಾಲಿಕ’ ಎಂದು ಬರೆದಿದ್ದರೆ ಅದನ್ನೇ ನಾನು ಸಭೆಯಲ್ಲಿ ಓದಿ ಹೇಳುತ್ತಿದ್ದೆ. ರಫ್ ಕಟ್ ಎಂಬ ಪದದ ಅರ್ಥ ನಮಗೆ ಗೊತ್ತಿರದಿದ್ದರೂ ನಡೆಯುತ್ತದೆ. ಈಗ ಎಲ್ಲಿ ನೋಡಬೇಕು ಎಂಬುದು ಗೊತ್ತಿರಬೇಕು.

ಟೈಮ್‌ಲೈನ್ ತಪಸ್ವಿ:

ಕಡತದ ಹೆಸರು ಮಾತ್ರ ‘ಫೈನಲ್_3_ಹೊಸದು_ನಿಜವಾದ_ಫೈನಲ್’ ಎಂದು ಇರಲಿಲ್ಲ ತಾನೇ?

ಕತ್ತರಿಕೈ:

ತಪಸ್ವಿಗಳೇ, ಇರಲಿಲ್ಲ. ಆದರೆ ‘ಫೈನಲ್_ರಫ್’ ಎಂದಿತ್ತು. ಈಗ ಯೋಚಿಸಿದರೆ ನನಗೇ ನಾಚಿಕೆಯಾಗುತ್ತಿದೆ.

ಲೆಕ್ಕದ ಪುಸ್ತಕ:

ನಾನು ನಿರ್ಮಾಣದ ಉಸ್ತುವಾರಿ ನೋಡುವವನು. ಕಡತದ ಹೆಸರಿನಲ್ಲಿ ‘ಫೈನಲ್’ ಎಂಬ ಪದವನ್ನು ನಮ್ಮಲ್ಲಿ ನಿಷೇಧಿಸಿದ್ದೇವೆ. ವಿ1, ವಿ2, ವಿ3 ಎಂದು ಏರುತ್ತಾ ಹೋಗುತ್ತದೆ, ಒಪ್ಪಿಗೆಯಾದದ್ದನ್ನು ‘ಮಾಸ್ಟರ್’ ಎನ್ನುತ್ತೇವೆ.

ನನ್ನ ಅನುಭವದಲ್ಲಿ ದುಬಾರಿಯಾದ ಪದ ರಫ್ ಕಟ್ ಅಲ್ಲ, ‘ಪಿಕ್ಚರ್ ಲಾಕ್’. ರಫ್ ಕಟ್ ಆದ ಮೇಲೆ ಅದನ್ನೇ ತಿದ್ದಿ ನಯಗೊಳಿಸಿದ ಫೈನ್ ಕಟ್, ಅದಾದ ಮೇಲೆ ಲಾಕ್. ಲಾಕ್ ಎಂದರೆ ಪ್ರತಿ ಶಾಟಿನ ಉದ್ದವೂ ಕ್ರಮವೂ ಇನ್ನು ಅಲುಗಾಡುವುದಿಲ್ಲ ಎಂದರ್ಥ. ಅದರ ಮೇಲೆಯೇ ಬಣ್ಣದವರು, ಧ್ವನಿಯವರು, ಗ್ರಾಫಿಕ್ಸಿನವರು ಏಕಕಾಲದಲ್ಲಿ ಬೇರೆ ಬೇರೆ ಕಡೆ ಕೆಲಸ ಶುರುಮಾಡುತ್ತಾರೆ.

ಒಮ್ಮೆ ಲಾಕ್ ಆಗಿ ಐದು ದಿನವಾದ ಮೇಲೆ ‘41ನೆಯ ಸೆಕೆಂಡಿನಲ್ಲಿ ಆ ಬಾಗಿಲು ತೆರೆಯುವ ಶಾಟ್ ಬೇಡ, ಎರಡೇ ಸೆಕೆಂಡ್ ಅಲ್ಲವೇ, ತೆಗೆದುಬಿಡಿ’ ಎಂಬ ಸಂದೇಶ ಬಂತು. ತೆಗೆದೆವು. 41ರ ನಂತರದ ಎಲ್ಲವೂ ಎರಡು ಸೆಕೆಂಡ್ ಹಿಂದಕ್ಕೆ ಸರಿಯಿತು. ಸಂಗೀತದ ತಾಳ ಬೀಳುವ ಜಾಗದಲ್ಲಿ ಬರಬೇಕಿದ್ದ ಲೋಗೋ ತಾಳ ಬೀಳುವ ಮೊದಲೇ ಬಂತು. ನಿರೂಪಕರು ಉಸಿರೆಳೆದುಕೊಳ್ಳುವ ಶಬ್ದ ಅರ್ಧಕ್ಕೆ ಕತ್ತರಿಸಿ ಬಿಕ್ಕಳಿಕೆಯಂತೆ ಕೇಳಿಸಿತು. ಸಬ್‌ಟೈಟಲ್ ಕಡತದ ಸಮಯಗಳನ್ನೆಲ್ಲ ಮತ್ತೆ ಹೊಂದಿಸಬೇಕಾಯಿತು. ಅದೇ ವಿಡಿಯೋದ ಮೂರು ಚಿಕ್ಕ ಆವೃತ್ತಿಗಳಲ್ಲೂ ಆ ಶಾಟ್ ಇತ್ತು. ಎರಡು ಸೆಕೆಂಡ್ ತೆಗೆಯಲು ನಾಲ್ಕು ಜನರ ಒಂದು ದಿನ ಹೋಯಿತು. ಗ್ರಾಹಕರಿಗೆ ಇದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಲಾಕ್‌ಗೆ ಮುನ್ನ ಅವರಿಗೆ ಹೇಳದೆ ಹೋದದ್ದು ನಾವು.

ಪದಶೋಧಕ:

ಸಮಸ್ಯೆಯ ಬೇರು ಇಂಗ್ಲಿಷ್ ಪದಗಳಲ್ಲಿಯೇ ಇದೆ ಎಂದು ನನ್ನ ನಮ್ರ ಅಭಿಪ್ರಾಯ. ‘ಕಚ್ಚಾ ಸಂಕಲನ’ ಎಂದು ಬರೆದಿದ್ದರೆ ಅದು ಬೆಂದಿಲ್ಲವೆಂಬುದು ಕನ್ನಡ ಬಲ್ಲ ಯಾರಿಗಾದರೂ ತಿಳಿಯುತ್ತಿತ್ತು. ಅದೇ ರೀತಿ ಪಿಕ್ಚರ್ ಲಾಕ್‌ಗೆ ‘ಚಿತ್ರ ಸ್ಥಿರೀಕರಣ’ ಎನ್ನಬಹುದು, ವಾಯ್ಸ್ ಓವರ್‌ಗೆ ‘ಹಿನ್ನೆಲೆ ನಿರೂಪಣೆ’ ಇದ್ದೇ ಇದೆ.

ನೆರಳುಬೆಳಕು:

ಪದಶೋಧಕರೇ, ‘ಕಚ್ಚಾ ಸಂಕಲನ’ವನ್ನು ಸಂತೋಷದಿಂದ ಒಪ್ಪುತ್ತೇನೆ. ಆದರೆ ‘ಚಿತ್ರ ಸ್ಥಿರೀಕರಣ’ ಎಂದು ಬರೆದು ಕಳುಹಿಸಿದರೆ ಅಲುಗಾಡುವ ಕ್ಯಾಮೆರಾ ಶಾಟುಗಳನ್ನು ನಿಲ್ಲಿಸಿಕೊಡುತ್ತಿದ್ದೀರಿ ಎಂದುಕೊಳ್ಳುತ್ತಾರೆ. ಅದಕ್ಕೂ ಸ್ಟೆಬಿಲೈಸೇಷನ್ ಎಂಬ ಬೇರೆಯೇ ಕೆಲಸವಿದೆ. ಒಂದು ಗೊಂದಲ ಬಿಡಿಸಲು ಹೋಗಿ ಎರಡು ಗೊಂದಲ ಹುಟ್ಟಿಸಿದಂತಾಗುತ್ತದೆ.

ಪದಶೋಧಕ:

ಒಳ್ಳೆಯ ಆಕ್ಷೇಪ, ಹಿಂತೆಗೆದುಕೊಂಡೆ. ಹಾಗಿದ್ದರೆ ‘ಚಿತ್ರ ಬೀಗ’?

ಟೈಮ್‌ಲೈನ್ ತಪಸ್ವಿ:

ಬೀಗ ಹಾಕಿದ ಮೇಲೆ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಗ್ರಾಹಕರು ಕೇಳುತ್ತಾರೆ, ಅದು ಸರಿಯಾದ ಪ್ರಶ್ನೆಯೇ ಆಗಿರುತ್ತದೆ.

ಲೆಕ್ಕದ ಪುಸ್ತಕ:

ಪದ ಯಾವುದಾದರೂ ಇರಲಿ, ಅದರ ಬೆನ್ನಿಗೇ ಒಂದು ವಾಕ್ಯ ಇರಬೇಕು. ‘ಇದಕ್ಕೆ ನೀವು ಒಪ್ಪಿದ ಮೇಲೆ ಶಾಟುಗಳ ಉದ್ದ ಅಥವಾ ಕ್ರಮ ಬದಲಿಸಬೇಕಾದರೆ ಪ್ರತ್ಯೇಕ ದಿನ ಮತ್ತು ಪ್ರತ್ಯೇಕ ವೆಚ್ಚ ತಗಲುತ್ತದೆ’ ಎಂದು ನಾನು ಬರೆಯುತ್ತೇನೆ. ಪಿಕ್ಚರ್ ಲಾಕ್ ಎಂಬ ಮಾತನ್ನು ಬಳಸದೆಯೂ ಆ ವಾಕ್ಯ ನಿಲ್ಲುತ್ತದೆ.

ಸುತ್ತಿನ ಸಂಕಟ:

ಬದಲಾವಣೆಗಳ ವಿಷಯ ಬಂದದ್ದರಿಂದ ‘ರಿವಿಷನ್ ರೌಂಡ್’ ಬಗ್ಗೆ ಹೇಳುತ್ತೇನೆ. ‘ಎರಡು ಸುತ್ತು ಬದಲಾವಣೆ ಸೇರಿದೆ’ ಎಂದು ನಾವೆಲ್ಲರೂ ಬರೆಯುತ್ತೇವೆ. ಒಂದು ಸುತ್ತು ಎಂದರೆ ಎಲ್ಲರ ಟಿಪ್ಪಣಿಗಳನ್ನೂ ಒಟ್ಟುಗೂಡಿಸಿ, ಪರಸ್ಪರ ವಿರುದ್ಧವಾದವನ್ನು ಅವರೊಳಗೇ ಬಗೆಹರಿಸಿಕೊಂಡು, ಒಂದೇ ಪಟ್ಟಿಯಾಗಿ ಒಮ್ಮೆ ಕಳುಹಿಸುವುದು ಎಂದು ನಮ್ಮ ಎಣಿಕೆ. ನಿಜದಲ್ಲಿ ನಡೆಯುವುದು ಬೇರೆ. ಬೆಳಿಗ್ಗೆ ಒಬ್ಬರು ಇಮೇಲ್ ಮಾಡುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಮೊಬೈಲಿನಲ್ಲಿ ಧ್ವನಿ ಸಂದೇಶ ಕಳುಹಿಸುತ್ತಾರೆ, ರಾತ್ರಿ ಮೂರನೆಯವರು ‘ಮೊದಲಿದ್ದದ್ದೇ ಚೆನ್ನಾಗಿತ್ತು’ ಎನ್ನುತ್ತಾರೆ. ಇದು ಒಂದು ಸುತ್ತೋ ಮೂರು ಸುತ್ತೋ?

ಇನ್ನೊಂದು ಸಂಕಟ ಜಾಗ ಗುರುತಿಸುವುದು. ‘ನೀಲಿ ಅಂಗಿಯವರು ಬರುವಲ್ಲಿ ಸ್ವಲ್ಪ ಬೇಗ ಮಾಡಿ’ ಎಂಬ ಟಿಪ್ಪಣಿಯನ್ನು ಪಾಲಿಸಿ ಒಂದು ಇಡೀ ಸಂದರ್ಶನವನ್ನು ಬಿಗಿಗೊಳಿಸಿದೆ. ಆಮೇಲೆ ನೋಡಿದರೆ ಆ ವಿಡಿಯೋದಲ್ಲಿ ನೀಲಿ ಅಂಗಿಯವರು ಇಬ್ಬರಿದ್ದರು. ಈಗ ಪರಿಶೀಲನೆಗೆ ಕಳುಹಿಸುವ ಪ್ರತಿ ಪ್ರತಿಯ ಮೇಲೂ ಟೈಮ್‌ಕೋಡ್ ಅಚ್ಚು ಹಾಕಿ ಕಳುಹಿಸುತ್ತೇನೆ. 00:00:41:12 ಎಂದರೆ ಗಂಟೆ, ನಿಮಿಷ, ಸೆಕೆಂಡ್, ಕೊನೆಯದು ಫ್ರೇಮ್, ಅಂದರೆ ವಿಡಿಯೋದ ಒಂದೊಂದು ಬಿಡಿ ಚಿತ್ರ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಕೊನೆಯ ಅಂಕಿ 24ರವರೆಗೆ ಹೋಗಿ ಮತ್ತೆ ಸೊನ್ನೆಯಾಗುತ್ತದೆ. ಗ್ರಾಹಕರು ಫ್ರೇಮ್ ಹೇಳದಿದ್ದರೂ ಸೆಕೆಂಡ್ ಹೇಳಿದರೆ ಸಾಕು.

ಗ್ರಾಹಕರ ಕಡೆಯವಳು:

ಸುತ್ತಿನ ಲೆಕ್ಕದಲ್ಲಿ ನನಗೂ ಒಂದು ತಕರಾರಿದೆ. ನಮ್ಮ ಉತ್ಪನ್ನದ ಹೆಸರನ್ನು ನಿಮ್ಮವರೇ ತಪ್ಪಾಗಿ ಅಚ್ಚು ಹಾಕಿರುತ್ತಾರೆ, ನಾವು ತೋರಿಸಿಕೊಡುತ್ತೇವೆ, ಅದು ಒಂದು ಸುತ್ತು ಎಂದು ಲೆಕ್ಕಕ್ಕೆ ಹಿಡಿಯುತ್ತೀರಿ. ಇದು ಯಾವ ನ್ಯಾಯ?

ಸುತ್ತಿನ ಸಂಕಟ:

ಅನ್ಯಾಯವೇ. ಯಾರಾದರೂ ಹಾಗೆ ಮಾಡಿದ್ದರೆ ಅವರು ಮಾಡಿದ್ದು ತಪ್ಪು. ನಾನು ಮೂರು ಪದಗಳನ್ನು ಬೇರೆ ಮಾಡಿ ಬಳಸುತ್ತೇನೆ. ನಮ್ಮ ಕೈತಪ್ಪನ್ನು ಸರಿಪಡಿಸುವುದು ‘ತಿದ್ದುಪಡಿ’, ಅದಕ್ಕೆ ಎಣಿಕೆಯೇ ಇಲ್ಲ. ಒಪ್ಪಿದ ಸ್ಕ್ರಿಪ್ಟಿನ ಒಳಗೆ ಶಾಟ್, ವೇಗ, ಅಕ್ಷರಗಳ ಗಾತ್ರ ಇತ್ಯಾದಿಗಳನ್ನು ನಿಮ್ಮ ಅಭಿರುಚಿಗೆ ತಕ್ಕಂತೆ ಮಾರ್ಪಡಿಸುವುದು ‘ಬದಲಾವಣೆ’, ಸುತ್ತುಗಳ ಲೆಕ್ಕ ಅದಕ್ಕೆ. ಸ್ಕ್ರಿಪ್ಟಿನಲ್ಲಿಯೇ ಇಲ್ಲದ ಹೊಸ ಸಂದರ್ಶನ, ಹೊಸ ಆ್ಯನಿಮೇಷನ್, ಇನ್ನೊಂದು ಭಾಷೆಯ ಆವೃತ್ತಿ ಬೇಕೆಂದರೆ ಅದು ‘ಹೊಸ ಬೇಡಿಕೆ’. ಇಂಗ್ಲಿಷಿನಲ್ಲಿ ಸ್ಕೋಪ್ ಕ್ರೀಪ್ ಎಂದು ಕರೆಯುವುದು, ಈ ಮೂರನೆಯದು ಎರಡನೆಯದರ ವೇಷ ಹಾಕಿಕೊಂಡು ಒಳಗೆ ಬರುವುದನ್ನು. ‘ಒಂದು ಚಿಕ್ಕ ಬದಲಾವಣೆ’ ಎಂಬ ಮಾತಿನಿಂದಲೇ ಅದು ಶುರುವಾಗುವುದು ವಾಡಿಕೆ.

ಗ್ರಾಹಕರ ಕಡೆಯವಳು:

ಇದನ್ನು ನಕಲು ಮಾಡಿಟ್ಟುಕೊಂಡೆ. ನಮ್ಮ ಮುಂದಿನ ಕರಾರಿನಲ್ಲಿ ನಾನೇ ಸೇರಿಸಲು ಕೇಳುತ್ತೇನೆ.

ಹಾರ್ಡ್‌ಡಿಸ್ಕ್ ಹೊರೆಗಾರ:

‘ರಾ ಕೊಟ್ಟುಬಿಡಿ’ ಎಂಬ ಬೇಡಿಕೆಯ ಬಗ್ಗೆ ಯಾರೂ ಮಾತನಾಡದಿರುವುದು ಆಶ್ಚರ್ಯ. ಈ ಒಂದು ಪದಕ್ಕೆ ಮೂರು ಅರ್ಥಗಳನ್ನು ನಾನು ಕಂಡಿದ್ದೇನೆ. ಸಂಕಲನ ಮಾಡದ ಎಲ್ಲ ಶಾಟುಗಳು, ಅಂದರೆ ಹಳಬರು ರಷಸ್ ಎನ್ನುತ್ತಿದ್ದದ್ದು, ಮೊದಲನೆಯ ಅರ್ಥ. ಎರಡನೆಯದು, ಕ್ಯಾಮೆರಾದ ಸೆನ್ಸಾರ್ ಹಿಡಿದ ಮಾಹಿತಿಯನ್ನು ಚಿತ್ರವಾಗಿ ಪರಿವರ್ತಿಸದೆ ಉಳಿಸುವ ರಾ ಎಂಬ ದಾಖಲಾತಿ ಕ್ರಮ. ಎಷ್ಟೋ ಕೆಲಸಗಳಲ್ಲಿ ಇದನ್ನು ಬಳಸಿರುವುದೇ ಇಲ್ಲ. ಇನ್ನು ಕೆಲವರು ರಾ ಎಂದಾಗ ಕೇಳುತ್ತಿರುವುದು ಸಂಕಲನದ ಪ್ರಾಜೆಕ್ಟ್ ಕಡತವನ್ನು. ಯಾವುದು ಬೇಕೆಂದು ಕೇಳದೆ ‘ಆಗಲಿ ಸರ್’ ಎಂದವರ ಪಾಡು ನಾಯಿಪಾಡು.

ಗಾತ್ರದ ಲೆಕ್ಕವನ್ನೂ ಹೇಳಬೇಕು. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಿಸಿದರೆ ಒಂದು ಗಂಟೆಗೆ 45 ಗಿಗಾಬೈಟ್. ಎರಡು ಕ್ಯಾಮೆರಾಗಳಲ್ಲಿ ಆರಾರು ಗಂಟೆ ಚಿತ್ರೀಕರಿಸಿದರೆ 540 ಗಿಗಾಬೈಟ್. ಇದನ್ನು ‘ಇಮೇಲ್‌ನಲ್ಲಿ ಹಾಕಿಬಿಡಿ’ ಎಂದವರಿದ್ದಾರೆ. ಫೂಟೇಜ್ ಯಾರ ಸ್ವತ್ತು, ಎಷ್ಟು ತಿಂಗಳು ನಾವು ಕಾಪಾಡಿಡಬೇಕು, ಡಿಸ್ಕ್ ಯಾರು ತರಬೇಕು ಎಂಬ ಮೂರೂ ಕರಾರಿನಲ್ಲಿ ಇರಬೇಕು. ‘ನಾವು ಹಣ ಕೊಟ್ಟಿದ್ದೇವೆ, ಆದ್ದರಿಂದ ಎಲ್ಲವೂ ನಮ್ಮದು’ ಎಂಬುದು ಸಹಜವಾದ ನಂಬಿಕೆ, ಆದರೆ ಕರಾರು ಹಾಗೆ ಹೇಳದಿದ್ದರೆ ಅದು ನಂಬಿಕೆಯಾಗಿಯೇ ಉಳಿಯುತ್ತದೆ.

ಹೊಸಬ:

ನಾನು ಈ ಕ್ಷೇತ್ರಕ್ಕೆ ಬಂದು ಆರು ತಿಂಗಳಾಯಿತು. ‘ಬಿ ರೋಲ್’ ಎಂದರೆ ಎರಡನೆಯ ದರ್ಜೆಯ ಕ್ಯಾಮೆರಾದಲ್ಲಿ ತೆಗೆದ ಶಾಟುಗಳು ಎಂದು ನಮ್ಮಲ್ಲೊಬ್ಬರು ಹೇಳಿದರು. ಸರಿಯೇ?

ಲೆಕ್ಕದ ಪುಸ್ತಕ:

ಸರಿಯಲ್ಲ, ಅದನ್ನು ಗ್ರಾಹಕರ ಮುಂದೆ ಖಂಡಿತ ಹೇಳಬೇಡಿ. ಫಿಲ್ಮಿನ ಕಾಲದಲ್ಲಿ, ವಿಶೇಷವಾಗಿ 16 ಮಿಮೀ ಕೆಲಸದಲ್ಲಿ, ತುಂಡುಗಳನ್ನು ಅಂಟಿಸಿದ ಗುರುತು ಪರದೆಯ ಮೇಲೆ ಕಾಣಬಾರದೆಂದು ಶಾಟುಗಳನ್ನು ಒಂದನ್ನು ಬಿಟ್ಟು ಒಂದರಂತೆ ಎ ಮತ್ತು ಬಿ ಎಂಬ ಎರಡು ಸುರುಳಿಗಳಲ್ಲಿ ಜೋಡಿಸುತ್ತಿದ್ದರು, ಒಂದರಲ್ಲಿ ಚಿತ್ರವಿದ್ದ ಕಡೆ ಇನ್ನೊಂದರಲ್ಲಿ ಕಪ್ಪು ಫಿಲ್ಮ್ ಇರುತ್ತಿತ್ತು. ಹೆಸರು ಅಲ್ಲಿಂದ ಬಂತು, ಅರ್ಥ ಕಾಲಕ್ರಮದಲ್ಲಿ ಬದಲಾಯಿತು. ಇಂದು ಮಾತನಾಡುವ ವ್ಯಕ್ತಿ ಎ ರೋಲ್, ಆ ಮಾತಿನ ಮೇಲೆ ತೋರಿಸುವ ಕೈ, ಯಂತ್ರ, ಕೆಲಸದ ಜಾಗ, ಬಳಸುವವರ ಮುಖ ಇವೆಲ್ಲ ಬಿ ರೋಲ್.

ನಮ್ಮ ಒಬ್ಬ ಗ್ರಾಹಕರು ಚಿತ್ರೀಕರಣದ ವೇಳಾಪಟ್ಟಿಯಲ್ಲಿ ‘ಮಧ್ಯಾಹ್ನ ಪೂರ್ತಿ ಬಿ ರೋಲ್’ ಎಂದಿದ್ದನ್ನು ಓದಿ ‘ನಮಗೆ ಬಿ ಯಾಕೆ, ನಾವು ಎ ಗುಣಮಟ್ಟಕ್ಕೆ ತಾನೇ ಹಣ ಕೊಡುತ್ತಿರುವುದು’ ಎಂದು ಗಂಭೀರವಾಗಿಯೇ ಕೇಳಿದ್ದರು. ನಗು ತಡೆದುಕೊಂಡು ವಿವರಿಸಿದೆ. ಈಗ ವೇಳಾಪಟ್ಟಿಯಲ್ಲಿ ‘ಪೂರಕ ದೃಶ್ಯಗಳು’ ಎಂದು ಬರೆಯುತ್ತೇನೆ. ಪದಶೋಧಕರಿಗೆ ಸಂತೋಷವಾಗಬಹುದು.

ಪದಶೋಧಕ:

ಆಯಿತು!

ಅಳತೆಗೋಲು:

‘ಆಮೇಲೆ ಇದನ್ನೇ ವರ್ಟಿಕಲ್ ಮಾಡಿಕೊಡಿ’ ಎಂಬ ಮಾತಿನ ಬಗ್ಗೆ ನಾನು ಬರೆಯಲೇಬೇಕು, ಏಕೆಂದರೆ ಇಲ್ಲಿ ಜಗಳ ನಡೆಯುವುದು ಪದದ ಮೇಲಲ್ಲ, ಗಣಿತದ ಮೇಲೆ. ಅಡ್ಡ ವಿಡಿಯೋ 16:9, ಮೊಬೈಲಿನ ಉದ್ದ ವಿಡಿಯೋ 9:16. 1920×1080 ಅಳತೆಯ ಚಿತ್ರದ ಪೂರ್ತಿ ಎತ್ತರವನ್ನು ಉಳಿಸಿಕೊಂಡು ಉದ್ದನೆಯ ತುಂಡು ಕತ್ತರಿಸಿದರೆ ಅಗಲ ಸುಮಾರು 608 ಪಿಕ್ಸೆಲ್ ಮಾತ್ರ ಸಿಗುತ್ತದೆ, ಅಂದರೆ ಚಿತ್ರದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಬ್ಬರು ಅಕ್ಕಪಕ್ಕ ಕುಳಿತು ಮಾತನಾಡುವ ಶಾಟಿನಲ್ಲಿ ನಡುವಿನ ಖಾಲಿ ಕುರ್ಚಿಯಷ್ಟೇ ಉಳಿಯುತ್ತದೆ. 3840×2160ರಲ್ಲಿ ಚಿತ್ರೀಕರಿಸಿದ್ದರೆ 1215×2160 ಸಿಗುವುದರಿಂದ ಸ್ಪಷ್ಟತೆಯ ತೊಂದರೆ ಇಲ್ಲ, ಆದರೆ ಖಾಲಿ ಕುರ್ಚಿಯ ತೊಂದರೆ ಹಾಗೆಯೇ ಇರುತ್ತದೆ. ಆದ್ದರಿಂದ ‘ಡೆಲಿವರಬಲ್ಸ್’, ಅಂದರೆ ಕೊನೆಗೆ ಕೈಗೆ ಕೊಡಬೇಕಾದ ಕಡತಗಳ ಪಟ್ಟಿ, ಚಿತ್ರೀಕರಣಕ್ಕೆ ಮೊದಲೇ ಕ್ಯಾಮೆರಾದವರ ಕೈಯಲ್ಲಿರಬೇಕು. ಮಾನಿಟರಿನ ಮೇಲೆ 9:16ರ ಗೆರೆ ಎಳೆದುಕೊಂಡು ವ್ಯಕ್ತಿಯನ್ನು ಅದರೊಳಗೆ ನಿಲ್ಲಿಸಲು ಅಂದು ಒಂದು ನಿಮಿಷ ಸಾಕು.

‘4ಕೆ ಬೇಕು’ ಎನ್ನುವವರಿಗೆ ಇನ್ನೊಂದು ಮಾತು. ಟಿವಿ ಮತ್ತು ಅಂತರ್ಜಾಲದ ಮಟ್ಟಿಗೆ 4ಕೆ ಎಂದರೆ 3840×2160, ಚಿತ್ರಮಂದಿರದ 4ಕೆ 4096×2160. ಮಾರುಕಟ್ಟೆ ವಿಡಿಯೋದಲ್ಲಿ ಮೊದಲನೆಯದೇ ಸಾಕು.

‘ಕಟ್‌ಡೌನ್’ ಎಂಬುದೂ ಕತ್ತರಿ ಹಿಡಿದು ಬಾಲ ಕತ್ತರಿಸುವ ಕೆಲಸವಲ್ಲ. 90 ಸೆಕೆಂಡಿನದು 30 ಆಗಬೇಕಾದರೆ ವಾದವೇ ಬದಲಾಗಬೇಕು. ಯೂಟ್ಯೂಬಿನ ಬಂಪರ್ ಜಾಹೀರಾತಿಗೆ ಇರುವುದೇ 6 ಸೆಕೆಂಡ್, ಅದರಲ್ಲಿ ಒಂದು ಚಿತ್ರ, ಒಂದು ಮಾತು, ಒಂದು ಹೆಸರು ಹಿಡಿದರೆ ಹೆಚ್ಚು.

ಟೈಮ್‌ಲೈನ್ ತಪಸ್ವಿ:

‘ಎಂಪಿ4 ಗುಣಮಟ್ಟದಲ್ಲಿ ಕೊಡಿ’ ಎನ್ನುವವರನ್ನೂ ಸೇರಿಸಿಕೊಳ್ಳಿ. ಎಂಪಿ4 ಎಂಬುದು ಡಬ್ಬಿ, ಒಳಗಿನ ಚಿತ್ರವನ್ನು ಹಿಂಡಿ ಇಟ್ಟಿರುವ ವಿಧಾನ ಕೋಡೆಕ್, ಉದಾಹರಣೆಗೆ ಎಚ್.264. ಡಬ್ಬಿ ನೋಡಿ ಒಳಗಿನ ಸರಕು ತಾಜಾ ಎಂದು ಹೇಳಲು ಬರುವುದಿಲ್ಲ.

ಮೈಕ್ ಮಿತ್ರ:

ಎಲ್ಲರೂ ಚಿತ್ರದ ಬಗ್ಗೆಯೇ ಮಾತನಾಡುತ್ತಿದ್ದೀರಿ, ಧ್ವನಿಗೆ ಯಥಾಪ್ರಕಾರ ಕೊನೆಯ ಸಾಲು. ಗ್ರಾಹಕರು ‘ಡಬ್ಬಿಂಗ್ ಯಾವಾಗ’ ಎಂದು ಕೇಳುತ್ತಾರೆ. ಪರದೆಯ ಮೇಲಿರುವವರ ತುಟಿಗೆ ಹೊಂದುವಂತೆ ಮಾತು ಕೂಡಿಸುವುದು ಡಬ್ಬಿಂಗ್. ಮಾತನಾಡುವವರು ಕಾಣದೆ ಮಾತು ಮಾತ್ರ ಕೇಳಿಸುವುದು ವಾಯ್ಸ್ ಓವರ್. ಎರಡಕ್ಕೂ ಬೇಕಾದ ಸಮಯ, ಕಲಾವಿದರು, ವೆಚ್ಚ ಬೇರೆ. ಕತ್ತರಿಕೈ ಅವರು ತಮ್ಮ ಧ್ವನಿಯನ್ನು ಹಾಕಿದ್ದರಲ್ಲ, ಅದು ಸ್ಕ್ರ್ಯಾಚ್ ಟ್ರ್ಯಾಕ್. ನಮ್ಮಲ್ಲಿ ಕೆಲವರು ಪೈಲಟ್ ಎಂದೂ ಕರೆಯುತ್ತಾರೆ.

ಸ್ಕ್ರಿಪ್ಟ್ ಅಳೆಯುವಾಗಲೂ ಎಚ್ಚರ ಬೇಕು. ನಿಮಿಷಕ್ಕೆ ಸುಮಾರು 150 ಪದ ಎಂಬುದು ಇಂಗ್ಲಿಷಿನವರ ರೂಢಿಯ ಲೆಕ್ಕ. ನಮ್ಮಲ್ಲಿ ‘ಉಪಯೋಗಿಸಬಹುದಾಗಿರುವುದರಿಂದ’ ಎಂಬುದೂ ಒಂದೇ ಪದ! ಅದೇ ಲೆಕ್ಕ ಹಿಡಿದು ಕನ್ನಡದಲ್ಲಿ 150 ಪದ ಬರೆದುಕೊಟ್ಟರೆ ನಿರೂಪಕರು ರೈಲು ಹಿಡಿಯಲು ಓಡುವವರಂತೆ ಓದಬೇಕಾಗುತ್ತದೆ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದುವುದೊಂದೇ ದಾರಿ, ಓದಿ ಒಪ್ಪಿದ ಮೇಲೆಯೇ ಗ್ರಾಹಕರಿಗೆ ಕಳುಹಿಸಿ.

ಸಂಗೀತದಲ್ಲಿ ‘ರಾಯಲ್ಟಿ ಫ್ರೀ’ ಎಂಬುದರಷ್ಟು ಮೋಸದ ಪದ ಮತ್ತೊಂದಿಲ್ಲ. ಅದು ಬಿಟ್ಟಿ ಎಂದಲ್ಲ. ಒಮ್ಮೆ ಪರವಾನಗಿ ಶುಲ್ಕ ಕೊಟ್ಟರೆ ಪ್ರತಿ ಪ್ರಸಾರಕ್ಕೂ ಮತ್ತೆ ಕೊಡಬೇಕಾಗಿಲ್ಲ ಎಂದಷ್ಟೇ, ಆ ಪರವಾನಗಿಯಲ್ಲಿಯೂ ಯಾವ ಮಾಧ್ಯಮ, ಎಷ್ಟು ಕಾಲ, ಯಾವ ಪ್ರದೇಶ ಎಂಬ ಗಡಿಗಳಿರಬಹುದು. ಇನ್ನು ಹೆಸರುವಾಸಿಯಾದ ಹಾಡನ್ನೇ ಹಾಕಿ ಎಂದರೆ ಹಾಡಿನ ರಚನೆಯ ಹಕ್ಕು ಒಬ್ಬರದು, ಆ ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದು ಆಗಿರಬಹುದು, ಇಬ್ಬರ ಒಪ್ಪಿಗೆಯೂ ಬೇಕು. ಇದನ್ನೆಲ್ಲ ಹೇಳಲು ಹೋಗದೆ ತಾತ್ಕಾಲಿಕವೆಂದು ಅಂತಹ ಒಂದು ಹಾಡನ್ನು ರಫ್ ಕಟ್‌ನಲ್ಲಿ ಹಾಕಿ ಕಳುಹಿಸುವುದಿದೆಯಲ್ಲ, ಅದು ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಳ್ಳುವ ಕೆಲಸ. ಗ್ರಾಹಕರು ಅದನ್ನು ಹತ್ತು ಸಲ ಕೇಳಿ ಮೆಚ್ಚಿಕೊಂಡ ಮೇಲೆ ಬೇರೆ ಯಾವ ಸಂಗೀತ ತಂದರೂ ಸಪ್ಪೆಯೇ.

ಗ್ರಾಹಕರ ಕಡೆಯವಳು:

ನಮ್ಮ ಪದಗಳ ಬಗ್ಗೆಯೂ ಹೇಳಿ ಮತ್ತೆ. ‘ಪಂಚ್ ಇಲ್ಲ’, ‘ರಿಚ್ ಆಗಿ ಕಾಣಬೇಕು’, ‘ಸ್ವಲ್ಪ ಲೈವ್ಲಿ ಮಾಡಿ’ ಎಂದು ನಾನೇ ಎಷ್ಟೋ ಸಲ ಬರೆದಿದ್ದೇನೆ. ಬರೆಯುವಾಗ ನನಗೆ ಅರ್ಥ ಗೊತ್ತಿರುತ್ತದೆ, ಕಳುಹಿಸಿದ ಮೇಲೆ ಇರುವುದಿಲ್ಲ.

ನೆರಳುಬೆಳಕು:

ಮೇಡಂ, ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ. ‘ಪಂಚ್ ಇಲ್ಲ’ ಎಂದಾಗ ಸಂಕಲನಕಾರರು ವೇಗ ಹೆಚ್ಚಿಸುತ್ತಾರೆ, ಬಣ್ಣದವರು ಕಾಂಟ್ರಾಸ್ಟ್ ಹೆಚ್ಚಿಸುತ್ತಾರೆ, ಧ್ವನಿಯವರು ತಮಟೆ ಸೇರಿಸುತ್ತಾರೆ. ಮೂರೂ ಆದ ಮೇಲೆ ‘ಏನೋ ಗದ್ದಲ ಹೆಚ್ಚಾಯಿತು’ ಎಂಬ ಉತ್ತರ ಬರುತ್ತದೆ. ಯಾವ ಸೆಕೆಂಡಿನಲ್ಲಿ ನಿಮಗೆ ಬೇಸರ ಬಂತು ಎಂದು ಹೇಳಿದರೆ ಸಾಕು, ಪರಿಹಾರ ಹುಡುಕುವುದು ನಮ್ಮ ಕೆಲಸ.

‘ರೆಫರೆನ್ಸ್’ ಕಳುಹಿಸುವಾಗಲೂ ಹಾಗೆಯೇ. ಒಂದು ವಿಡಿಯೋದ ಲಿಂಕ್ ಬಂದಾಗ ನಾನು ‘ಇದರಲ್ಲಿ ಯಾವುದು ಇಷ್ಟವಾಯಿತು, ಬೆಳಕೋ, ವೇಗವೋ, ಅಕ್ಷರಗಳೋ’ ಎಂದು ತಿರುಗಿ ಕೇಳುತ್ತೇನೆ. ಒಮ್ಮೆ ನಾವು ಎರಡು ದಿನ ಕುಳಿತು ಒಂದು ರೆಫರೆನ್ಸಿನ ಬೆಳಕನ್ನು ಅನುಕರಿಸಿದೆವು. ಅವರಿಗೆ ಇಷ್ಟವಾಗಿದ್ದದ್ದು ಅದರ ಕೊನೆಯಲ್ಲಿ ಲೋಗೋ ಬರುವ ರೀತಿ ಮಾತ್ರ.

ಹಾರ್ಡ್‌ಡಿಸ್ಕ್ ಹೊರೆಗಾರ:

ಇಷ್ಟೆಲ್ಲ ಪದಗಳಿಗೆ ಅರ್ಥಕೋಶ ಮಾಡಿ ಕರಾರಿಗೆ ಲಗತ್ತಿಸಬೇಕೆಂದು ಯಾರಾದರೂ ಸಲಹೆ ಕೊಡುವ ಮೊದಲೇ ಹೇಳಿಬಿಡುತ್ತೇನೆ, ನಾನು ಅದನ್ನು ಮಾಡಿ ನೋಡಿದ್ದೇನೆ. ನಾಲ್ಕು ಪುಟಗಳ ಅರ್ಥಕೋಶ, ಅಕಾರಾದಿಯಾಗಿ. ಯಾರೂ ಓದಲಿಲ್ಲ. ಜಗಳವಾದಾಗ ಮಾತ್ರ ನಾನು ಅದನ್ನು ತೆಗೆದು ತೋರಿಸಿದೆ, ಅದರಿಂದ ಜಗಳ ಗೆದ್ದೆ, ಗ್ರಾಹಕರನ್ನು ಕಳೆದುಕೊಂಡೆ.

ಪದಶೋಧಕ:

ಅರ್ಥಕೋಶದ ತಪ್ಪಲ್ಲ ಅದು, ಅದನ್ನು ಬಳಸಿದ ಸಮಯದ ತಪ್ಪು. ಹಂತಕ್ಕೆ ಒಂದೊಂದು ಪದವನ್ನು ಆಯಾ ಇಮೇಲಿನಲ್ಲೇ ವಿವರಿಸಿದ್ದರೆ ಓದುತ್ತಿದ್ದರು.

ಸುತ್ತಿನ ಸಂಕಟ:

ಇಮೇಲ್ ಕೂಡ ವಿಡಿಯೋ ಜೊತೆ ಪ್ರಯಾಣ ಮಾಡುವುದಿಲ್ಲ. ಲಿಂಕ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ, ನಿಮ್ಮ ವಿವರಣೆ ಮೊದಲನೆಯವರ ಹತ್ತಿರವೇ ಉಳಿಯುತ್ತದೆ. ಹೇಳಬೇಕಾದದ್ದನ್ನು ವಿಡಿಯೋದ ಒಳಗೇ ಅಚ್ಚು ಹಾಕಿ.

ಕತ್ತರಿಕೈ:

ಸಂಕಟ ಅವರೇ, ಈ ಮಾತು ನಾಟಿತು. ಇಂದೇ ಅದೇ ಗ್ರಾಹಕರಿಗೆ ಎರಡನೆಯ ಪ್ರತಿ ಕಳುಹಿಸಬೇಕಿದೆ. ವಿಡಿಯೋದ ಮೊದಲಿಗೆ ಎಂಟು ಸೆಕೆಂಡಿನ ಒಂದು ಕಪ್ಪು ಫಲಕ ಸೇರಿಸಿದ್ದೇನೆ. ಅದರಲ್ಲಿ ಹೀಗಿದೆ: ‘ಪ್ರತಿ ವಿ2. ಈ ಸಲ ದಯವಿಟ್ಟು ದೃಶ್ಯಗಳ ಕ್ರಮ, ಮಾತಿನ ವಿಷಯ, ಒಟ್ಟು ಉದ್ದ ಇಷ್ಟನ್ನೇ ನೋಡಿ. ಬಣ್ಣ, ನಿರೂಪಕರ ಧ್ವನಿ, ಸಂಗೀತ ತಾತ್ಕಾಲಿಕ, ಮುಂದಿನ ಹಂತದಲ್ಲಿ ಬದಲಾಗುತ್ತವೆ. ಮೂಲೆಯಲ್ಲಿ ಕಾಣುವ ಸಮಯವನ್ನು ಬರೆದು ಟಿಪ್ಪಣಿ ಕೊಡಿ.’ ಪರದೆಯ ಮೇಲ್ಗಡೆ ಇಡೀ ವಿಡಿಯೋದುದ್ದಕ್ಕೂ ‘ಪರಿಶೀಲನೆಗೆ ಮಾತ್ರ’ ಎಂದು ಸಣ್ಣಗೆ ಹಾಕಿದ್ದೇನೆ. ರಫ್ ಕಟ್ ಎಂಬ ಪದ ಎಲ್ಲಿಯೂ ಇಲ್ಲ.

ಗ್ರಾಹಕರ ಕಡೆಯವಳು:

ಚೆನ್ನಾಗಿದೆ, ಆದರೆ ಒಂದು ಸಾಲು ಬಿಟ್ಟುಹೋಗಿದೆ. ಯಾವ ದಿನದೊಳಗೆ, ಯಾರೊಬ್ಬರ ಮೂಲಕ ಟಿಪ್ಪಣಿ ಬರಬೇಕೆಂದು ಹಾಕಿ. ಅದಿಲ್ಲದಿದ್ದರೆ ಮತ್ತೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಕಥೆಯೇ. ‘ಇಂಥವರ ಮೂಲಕ’ ಎಂದು ನೀವು ಬರೆದರೆ ನನ್ನಂಥವರಿಗೆ ಒಳಗೆ ಬಲ ಬರುತ್ತದೆ, ಎಲ್ಲರ ಟಿಪ್ಪಣಿಗಳನ್ನೂ ನನ್ನ ಹತ್ತಿರವೇ ತರಿಸಿಕೊಳ್ಳಬಹುದು.

ಕತ್ತರಿಕೈ:

ಸೇರಿಸಿದೆ, ಧನ್ಯವಾದ. ಎಂಟು ಸೆಕೆಂಡಿನಲ್ಲಿ ಓದಿ ಮುಗಿಯುವುದಿಲ್ಲ, ಹನ್ನೆರಡು ಮಾಡಿದೆ.

ಅಳತೆಗೋಲು:

ಕನ್ನಡದಲ್ಲಿ ಹಾಕುತ್ತಿರುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬಿಡಿ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ.

ಹೊಸಬ:

ನಾನು ಇನ್ನೊಂದು ಕೇಳಬಹುದೇ? ನಿನ್ನೆ ಫೈನ್ ಕಟ್ ಕಳುಹಿಸಿದ್ದೆ. ಗ್ರಾಹಕರು ಮೊಬೈಲಿನಲ್ಲಿ ಹೆಬ್ಬೆರಳು ಎತ್ತಿದ ಚಿತ್ರವೊಂದನ್ನು ಕಳುಹಿಸಿದರು. ಅದನ್ನು ಒಪ್ಪಿಗೆ ಎಂದು ತಿಳಿದು ಬಣ್ಣದವರಿಗೂ ಧ್ವನಿಯವರಿಗೂ ಕಳುಹಿಸಿಬಿಟ್ಟೆ.

ಲೆಕ್ಕದ ಪುಸ್ತಕ:

ಅಯ್ಯೋ. ಈಗಲೇ ಫೋನ್ ಮಾಡಿ ಕೇಳಿ.

ಗ್ರಾಹಕರ ಕಡೆಯವಳು:

ನಾವು ಹೆಬ್ಬೆರಳು ಎತ್ತಿದರೆ ‘ಲಿಂಕ್ ಬಂತು’ ಎಂದರ್ಥ. ಇನ್ನೂ ನೋಡಿರುವುದಿಲ್ಲ.

ಹೊಸಬ:

ಫೋನ್ ಮಾಡಿದೆ. ನೋಡಿಲ್ಲವಂತೆ. ಸೋಮವಾರ ಸಭೆಯಿದೆಯಂತೆ.